ಚಿಪ್ಪಿನ ತುದಿಯಲ್ಲಿ ಜಾತಕ

ಇಂಗ್ಲೆಂಡಿನ ಕೆಲವು ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಸಿಮಣ್ಣು ಹರಡಿ, ಸೌತೆಕಾಯಿಯ ಹೋಳನ್ನಿಟ್ಟು, ಅಂಗೈಯಗಲದ ಬಸವನಹುಳುವನ್ನು ಅಕ್ಕರೆಯಿಂದ ಸಾಕುತ್ತಾರೆಂದರೆ ನಂಬುವುದು ಕಷ್ಟ. ಆದರೆ ಆಫ್ರಿಕದ ಈ ದೈತ್ಯ ಹುಳು ಬೊಗಳದು, ಪರಚದು. ಹಗಲೆಲ್ಲ ಮಲಗಿದ್ದು ಇರುಳಿನಲ್ಲಿ ಮೇಯುತ್ತದೆ. ಮಕ್ಕಳಿಗೆ ಇದಕ್ಕಿಂತ ಸಾಧುಪ್ರಾಣಿ ಬೇರೆ ಬೇಕೆ?

ಆದರೆ ಅದು ಯಾವ ಜಾತಿಯದೆಂದು ಕೇಳಿದರೆ ಸಾಕಿದವರೇ ತಬ್ಬಿಬ್ಬಾಗುವುದುಂಟು. ಒಂದೇ ಹೆಸರಿನಲ್ಲಿ ಹಲವು ಜಾತಿಗಳು ಮಾರಾಟವಾಗುತ್ತವೆ. ಮೈಬಣ್ಣವನ್ನು ನಂಬುವಂತಿಲ್ಲ, ಒಂದೇ ಜಾತಿಯಲ್ಲಿ ಕಂದುಮೈಯವೂ ಬಿಳಿಮೈಯವೂ ಉಂಟು.

ಬಲ್ಲವರು ಮೊದಲು ನೋಡುವುದು ಚಿಪ್ಪಿನ ಬಾಯಿಯೊಳಗಿನ ನಡುಗಂಬವನ್ನು. ಅದು ಬಿಳಿಯಾಗಿಯೋ ನಸುನೀಲಿ ಬೆರೆತ ಬಿಳಿಯಾಗಿಯೋ ಇದ್ದು, ಚಿಪ್ಪು ನೀಳವಾಗಿ ಚೂಪಾಗಿದ್ದರೆ ಬಹುಮಟ್ಟಿಗೆ ಪೂರ್ವ ಆಫ್ರಿಕದ ‘ಫುಲಿಕಾ’. ಅದರ ದಾಯಾದಿಯಾದ ‘ರೆಟಿಕ್ಯುಲೇಟಾ’ದ ಕಂಬವೂ ಬಿಳಿಯೇ, ಸಂಶಯ ಉಳಿದರೆ ವಿಜ್ಞಾನಿಗಳು ಒಳಾಂಗಗಳನ್ನು ಪರೀಕ್ಷಿಸಿ ನಿರ್ಣಯಿಸುತ್ತಾರೆ. ಪಶ್ಚಿಮ ಆಫ್ರಿಕದ ‘ಅಕಾಟಿನಾ’ದ ಚಿಪ್ಪು ಅಗಲ, ಹಳದಿ ನೆಲದ ಮೇಲೆ ಹುಲಿಯ ಪಟ್ಟೆಗಳಂಥ ಕಡುಗಂದು ಗೆರೆಗಳು, ಕಂಬ ಕೆನ್ನೇರಿಳೆ. 1978ರಲ್ಲಿ ಅಳೆದ ಈ ಜಾತಿಯ ಒಂದು ಹುಳುವಿನ ಚಿಪ್ಪೇ 27.3 ಸೆಂಟಿಮೀಟರ್ ಉದ್ದವಿದ್ದಿತು.

ಪಶ್ಚಿಮ ಆಫ್ರಿಕದ್ದೇ ಆದ ‘ಮಾರ್ಜಿನೇಟಾ’ವನ್ನು ಗುರುತಿಸಲು ಚಿಪ್ಪಿನ ತುದಿಯೇ ಸಾಕು, ಅದು ಚೂಪಲ್ಲ, ಗುಂಡಗೆ ಮೊಂಡಾಗಿರುತ್ತದೆ. ಇದಕ್ಕೆ ಕಾರಣವುಂಟು. ಬಸವನಹುಳುವಿನ ಚಿಪ್ಪಿನ ತುದಿಯೆಂದರೆ ಅದು ಹುಟ್ಟಿದಾಗ ಹೊತ್ತುಬಂದ ಚಿಪ್ಪೇ. ಮಾರ್ಜಿನೇಟಾ ದೊಡ್ಡ ಮೊಟ್ಟೆಗಳನ್ನು ಕೆಲವನ್ನೇ ಇಡುತ್ತದೆ, ಮರಿಯೂ ದೊಡ್ಡದು. ಫುಲಿಕಾದ ಮೊಟ್ಟೆ ಸಣ್ಣದು, ಮರಿಯೂ ಸಣ್ಣದು, ತುದಿಯೂ ಚೂಪು. ಆದರೆ ಒಂದೇ ಸಲಕ್ಕೆ ನೂರು, ಇನ್ನೂರು ಮೊಟ್ಟೆಗಳು!

ಈ ಭೇದವನ್ನು ಅರಿಯದಿದ್ದರೆ ಆಗುವ ಅನಾಹುತ ಸಣ್ಣದಲ್ಲ. ಈ ಹುಳುಗಳಲ್ಲಿ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಒಮ್ಮೆ ಕೂಡಿದ ಫುಲಿಕಾ ತಿಂಗಳುಗಳ ನಂತರ ಒಂಟಿಯಾಗಿದ್ದಾಗಲೂ ಮೊಟ್ಟೆಯಿಡಬಲ್ಲದು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಫುಲಿಕಾಗಳನ್ನು ಅಮೆರಿಕದ ಮಯಾಮಿಗೆ ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷಗಳಲ್ಲಿ ಅಲ್ಲಿ ಸಿಕ್ಕ ಹುಳುಗಳು 18,000ಕ್ಕೂ ಹೆಚ್ಚು! ನಿರ್ಮೂಲನಕ್ಕೆ ಹತ್ತು ಲಕ್ಷ ಡಾಲರುಗಳಿಗೂ ಮೀರಿ ವೆಚ್ಚವಾಯಿತು. ಇಂದು ಅನುಮತಿಯಿಲ್ಲದೆ ಅಮೆರಿಕದಲ್ಲಿ ಇವನ್ನು ಸಾಕುವಂತಿಲ್ಲ; ಇಂಗ್ಲೆಂಡಿನಲ್ಲಿ ಸಾಕಬಹುದು, ಹೊರಗೆ ಬಿಡುವುದು ಅಪರಾಧ.

ಭಾರತಕ್ಕೂ ಈ ಅತಿಥಿ ಹೊಸದಲ್ಲ. 1847ರಲ್ಲಿ ಬೆನ್ಸನ್ ಎಂಬ ಶಂಖಶಾಸ್ತ್ರಾಸಕ್ತರು ಮಾರಿಷಸ್ಸಿನಿಂದ ಕಲ್ಕತ್ತೆಗೆ ಫುಲಿಕಾಗಳನ್ನು ತಂದರು. ಅವು ಅಲ್ಲಿನ ತೋಟವನ್ನು ಸೇರಿದವು. ಇಂದು ಮಳೆ ಬಿದ್ದ ಮರುದಿನ ಬೆಂಗಳೂರಿನ ಕೈತೋಟಗಳಲ್ಲಿ ಪಪ್ಪಾಯಿಯ ಎಲೆಯನ್ನು ಮೇಯುವ ದೊಡ್ಡ ಹುಳುವೂ ಇದೇ ಜಾತಿಯದು. ಮಿದುಳಿನ ಪೊರೆಗೆ ಬಾವು ತರುವ ಸೂಕ್ಷ್ಮ ಹುಳುಗಳು ಇದರ ಮೈಯಲ್ಲಿರಬಹುದಾದುದರಿಂದ ಮಕ್ಕಳು ಅದನ್ನು ಬರಿಗೈಯಲ್ಲಿ ಮುಟ್ಟದಿರುವುದೇ ಕ್ಷೇಮ.

ಆದುದರಿಂದ ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಜಾಣರು ವಾರಕ್ಕೊಮ್ಮೆಯಾದರೂ ಮಣ್ಣನ್ನು ಕೆದಕಿ ನೋಡುತ್ತಾರೆ. ಮೊಟ್ಟೆಗಳು ಕಂಡರೆ ಎಸೆಯುವ ಮುನ್ನ ಅವನ್ನು ಹೆಪ್ಪುಗಟ್ಟಿಸಿ ನಾಶಮಾಡುತ್ತಾರೆ.