ರೋಟಾ ಲಸಿಕೆಯನ್ನು ಬಾಯಿಗೇ ಹಾಕುವುದೇಕೆ?



ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಾಗಲಿ, ವಾಡಿ, ಶಹಾಬಾದಿನ ಕಲ್ಲುಗಣಿಗಳ ನೆರೆಯಲ್ಲಾಗಲಿ, ಶಿಶುಗಳಿಗೆ 6, 10 ಹಾಗೂ 14ನೆಯ ವಾರಗಳಲ್ಲಿ ರೋಟಾ ಲಸಿಕೆಯನ್ನು ಬಾಯಿಗೆ ಹಾಕುವುದನ್ನು ತಾವು ಕಂಡಿರಬಹುದು. ಸೂಜಿಯಿಲ್ಲದ ಲಸಿಕೆಗೆ ಬಲವೆಲ್ಲಿಯದು ಎಂಬ ಸಂಶಯ ಸಹಜವೇ.

ತೀವ್ರ ವಾಂತಿಭೇದಿಯನ್ನುಂಟುಮಾಡುವ ರೋಟಾ ವೈರಾಣು ಬಾಯಿಯ ಮೂಲಕವೇ ಹೊಕ್ಕು ಕರುಳಿನ ಒಳಪದರದಲ್ಲಿ ಬೆಳೆಯುತ್ತದೆ. ಐಜಿಎ ಎಂಬ ರೋಗನಿರೋಧಕ ವಸ್ತು ಅದನ್ನು ಅಲ್ಲಿಯೇ ಎದುರಿಸುತ್ತದೆ; ತೊಗರಿ ಹೊಲಕ್ಕೆ ನುಗ್ಗುವ ಹಂದಿಯನ್ನು ಬದುವಿನಲ್ಲೇ ತಡೆಯುವ ಕಾವಲುಗಾರನಂತೆ.

ವಿಜ್ಞಾನಿಗಳು ಇದನ್ನು ಚಿಕ್ಕ ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ವಂಶವಾಹಿಯನ್ನು ಮಾರ್ಪಡಿಸಿ, ಐಜಿಎ ಹುಟ್ಟದಂತೆ ಮಾಡಿದ ಇಲಿಗಳಿಗೆ ಈ ಸೋಂಕನ್ನು ತಗುಲಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾಮಾನ್ಯ ಇಲಿಗಳ ಮಲದಲ್ಲಿ 10 ದಿನಗಳವರೆಗೆ ಕಂಡುಬಂದ ವೈರಾಣು ಇವುಗಳಲ್ಲಿ 3 ವಾರಗಳವರೆಗೂ ಇದ್ದಿತು; ಮರಳಿ ಮರಳಿ ಸೋಂಕು ತಗುಲಿದರೂ ರಕ್ಷಣೆ ಬೆಳೆಯಲಿಲ್ಲ. ಇಲಿಗೂ ಶಿಶುವಿಗೂ ವ್ಯತ್ಯಾಸವುಂಟು, ನಿಜ. ಆದರೂ ಕರುಳಿನ ಕಾವಲು ಎಷ್ಟು ಮುಖ್ಯವೆಂಬುದು ಇದರಿಂದ ಸ್ಪಷ್ಟವಾಯಿತು. ಬಾಯಿಗೆ ಹಾಕಿದ ಲಸಿಕೆ ಆ ಕಾವಲನ್ನೇ ಎಚ್ಚರಗೊಳಿಸುತ್ತದೆ.

ಲಸಿಕೆ ಪಡೆದ ಶಿಶುವಿಗೂ ಬೇರೆ ಕಾರಣಗಳಿಂದ ಭೇದಿಯಾಗಬಹುದು. ಆಗ ಎದೆಹಾಲನ್ನು ನಿಲ್ಲಿಸದೆ ಓ.ಆರ್.ಎಸ್. ದ್ರಾವಣವನ್ನು ಕೊಡಿರಿ. ಕೂಲಿಗಾಗಿ ಊರು ಬಿಡುವಾಗ ತಾಯಿ ಕಾರ್ಡ್ ಜೊತೆಗಿರಲಿ. ಬಾಕಿಯುಳಿದ ಲಸಿಕೆಯನ್ನು ಅಲ್ಲಿಯ ಆರೋಗ್ಯ ಕೇಂದ್ರದಲ್ಲಿಯೂ ಹಾಕಿಸಬಹುದು.