ಸೊಲ್ಲಾಪುರದ ಬಾರಿಕಂಟಿ, ನಮ್ಮ ಕರಂಡೆಪೊದೆ

ಚೈತ್ರ, ವೈಶಾಖಗಳಲ್ಲಿ ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳನ್ನು ಹತ್ತಿದವರಿಗೆ ಕರಂಡೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಳ್ಳು ತಾಗಿದರೂ ಕೈ ಹಿಂದೆಗೆಯದೆ, ಬಾಯಿಗೆ ಹಾಲಂಟಿದರೂ ಲೆಕ್ಕಿಸದೆ ಆ ಕಪ್ಪು ಹಣ್ಣನ್ನು ತಿಂದು ಬೆಳೆದವರು ನಾವು. ಅದರ ಎಳೆಗಾಯಿ ಉಪ್ಪುನೀರಿನ ಭರಣಿ ಸೇರಿ ಮಳೆಗಾಲದ ಗಂಜಿಯೂಟಕ್ಕೆ ಜತೆಯಾಗುತ್ತಿತ್ತು. ನಮಗೆ ಕರಂಡೆ ಹೇಗೋ, ದೂರದ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಿಗೆ ಬಾರಿಹಣ್ಣು ಹಾಗೆ. ಮೈಸೂರು ಕಡೆಯವರು ಇದನ್ನೇ ಎಲಚಿ ಎನ್ನುತ್ತಾರೆ. ಮರಾಠಿಗರಿಗೆ ಇದು ಬೋರ್, ಮಲಯಾಳದಲ್ಲಿ ಇಲಂದ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್ ದಾರಿ. ಕರಿಮಣ್ಣಿನ ಬಯಲು, ಜೋಳದ ಹೊಲ, ಅಲ್ಲಲ್ಲಿ ಬದುಗಳ ಮೇಲೆ ಬಾರಿಯ ಕಂಟಿ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿ ಆರುನೂರರ ಆಸುಪಾಸು ಬಂದರೆ ಅದೇ ಭಾಗ್ಯ. ಇಂಥ ನೆಲದಲ್ಲಿ ಯಾರೂ ನೀರೆರೆಯದೆ ಬದುಕುವ ಗಿಡವೊಂದಿದ್ದರೆ ಅದಕ್ಕೆ ಬೆಲೆ ಬರುವುದು ಸಹಜ. ಬಾರಿಯ ತಾಯಿಬೇರು ಆಳಕ್ಕಿಳಿದು ತೇವವನ್ನು ಹುಡುಕುತ್ತದೆ. ಬಿಸಿಲು ಏರಿದಾಗ ಗಿಡ ಎಲೆಗಳನ್ನು ಉದುರಿಸಿ ನಿದ್ದೆಹೋಗುತ್ತದೆ. ಮಳೆ ಬಿದ್ದೊಡನೆ ಚಿಗುರಿ, ಆ ಹೊಸ ಚಿಗುರಿನ ಎಲೆಸಂದಿಗಳಲ್ಲೇ ಹೂ ಬಿಡುತ್ತದೆ. ಆದ್ದರಿಂದಲೇ ತೋಟಗಾರರು ಬೇಸಗೆಯಲ್ಲಿ ಅದರ ಕೊಂಬೆಗಳನ್ನು ನಿರ್ದಾಕ್ಷಿಣ್ಯವಾಗಿ ಸವರುತ್ತಾರೆ. ಸವರಿದಷ್ಟೂ ಹೊಸ ಚಿಗುರು, ಚಿಗುರಿದಷ್ಟೂ ಹಣ್ಣು. ಕಾರ್ತಿಕ ಕಳೆಯುವ ಹೊತ್ತಿಗೆ ಕಾಯಿ ಬಲಿಯುತ್ತದೆ. ಸಂಕ್ರಾಂತಿಗೆ ಪೇಟೆ ತುಂಬುತ್ತದೆ.

ಈ ಗಿಡದಲ್ಲಿ ವ್ಯರ್ಥವಾಗುವುದು ಕಡಿಮೆ. ಎಲೆ ಆಡುಗಳಿಗೆ ಮೇವು, ಮುಳ್ಳುಕೊಂಬೆ ಹೊಲಕ್ಕೆ ಬೇಲಿ, ಕಟ್ಟಿಗೆ ಒಲೆಗೆ. ಹಣ್ಣಿನಲ್ಲಿ ಸಿ ಜೀವಸತ್ವ ಹೇರಳ. ಒಣಗಿಸಿ ಕುಟ್ಟಿದ ಪುಡಿಗೆ ಆ ಕಡೆ ಬೋರಕೂಟ್ ಎಂಬ ಹೆಸರು. ಉಪ್ಪು, ಬೆಲ್ಲ ಬೆರೆಸಿಕೊಂಡು ಚೀಪಲು ಅದು ಶಾಲಾಮಕ್ಕಳಿಗೆ ಪ್ರಿಯ. ಇದರ ಚೀನಾ ದಾಯಾದಿಯೊಂದಿದೆ. ಅದು ಹಿಮ ಬೀಳುವ ನಾಡುಗಳ ತೋಟಗಳಲ್ಲೂ ಬೆಳೆಯುತ್ತದೆ. ನಮ್ಮ ಬಾರಿಗೆ ಹಿಮ ಆಗದು, ಬರವಾದರೆ ಚಿಂತೆಯಿಲ್ಲ.

ಬರ ಎಂದೊಡನೆ 1972ರ ನೆನಪು ಬಾರದಿರದು. ಆ ವರ್ಷದ ಕ್ಷಾಮ ಮಹಾರಾಷ್ಟ್ರವನ್ನು ನಡುಗಿಸಿತು. ಸೊಲ್ಲಾಪುರ ಜಿಲ್ಲೆ ಬಹಳ ಬಳಲಿತು. ಅಂದು ಬಲಗೊಂಡ ಉದ್ಯೋಗ ಖಾತರಿ ಯೋಜನೆಯನ್ನು 1990ರಲ್ಲಿ ಹಣ್ಣುಗಿಡ ನೆಡುವ ಕೆಲಸಕ್ಕೂ ಜೋಡಿಸಲಾಯಿತು. ದಾಳಿಂಬೆ, ಸೀತಾಫಲಗಳ ಜತೆಗೆ ಬಾರಿಯೂ ಒಣಭೂಮಿಯ ರೈತನ ಹೊಲಕ್ಕೆ ಬೆಳೆಯಾಗಿ ಬಂತು. ಕಾಡುಬಾರಿಯ ಬೀಜವನ್ನು ಹೊಲದಲ್ಲೇ ಬಿತ್ತಿ, ಸಸಿಗೆ ಉಮ್ರಾನ್‌ನಂಥ ಒಳ್ಳೆಯ ಜಾತಿಯ ಕಣ್ಣನ್ನು ಕಸಿ ಕಟ್ಟುವುದು ಇದರ ಕ್ರಮ. ಸಸಿ ಕಿತ್ತು ನೆಟ್ಟರೆ ತಾಯಿಬೇರು ನೋಯುತ್ತದೆ ಎಂಬುದೇ ಇದಕ್ಕೆ ಕಾರಣ. ಬೇರು ಕಾಡಿನದು, ಫಲ ನಾಡಿನದು. ಒಣಬೇಸಾಯದ ಸಂಶೋಧನೆಗಾಗಿ 1930ರ ದಶಕದಲ್ಲಿ ದೇಶದಲ್ಲಿ ಆರಿಸಿಕೊಂಡ ಕೇಂದ್ರಗಳಲ್ಲಿ ಸೊಲ್ಲಾಪುರವೂ ವಿಜಯಪುರವೂ ಇದ್ದವು ಎಂಬುದನ್ನು ಇಲ್ಲಿ ಸ್ಮರಿಸಬೇಕು. ನೆಲದ ಗುಣಕ್ಕೆ ರಾಜ್ಯದ ಗಡಿ ಗೊತ್ತಿಲ್ಲ.

ಗಡಿಯ ಮಾತು ಬಂದಾಗ ನಮ್ಮ ಓದುಗರ ಕಿವಿ ನೆಟ್ಟಗಾಗುವುದು ಸ್ವಾಭಾವಿಕ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾದವು. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನೂ ಅಕ್ಕಲಕೋಟೆಯನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಸೂಚಿಸಿತು. ಆ ಸೂಚನೆ ಕಾಗದದಲ್ಲೇ ಉಳಿಯಿತು. ಹೀಗೆ ಒಂದೇ ವರದಿಯ ಪುಟಗಳಲ್ಲಿ ನಾವೂ ಅವರೂ ನೆರೆಹೊರೆಯವರು.

ಸೊಲ್ಲಾಪುರವೆಂದರೆ ವಚನಕಾರ ಸಿದ್ಧರಾಮನ ಸೊನ್ನಲಿಗೆ. ಅವನು ಕಟ್ಟಿಸಿದ ಕೆರೆಯ ದಂಡೆಯಲ್ಲಿ ಸಂಕ್ರಾಂತಿಗೆ ದೊಡ್ಡ ಜಾತ್ರೆ; ನಂದಿಧ್ವಜಗಳ ಮೆರವಣಿಗೆ. ಅವನ ಪುರಾಣವನ್ನು ಕನ್ನಡದಲ್ಲಿ ರಚಿಸಿದ ಜಯದೇವಿತಾಯಿ ಲಿಗಾಡೆಯವರು ಆ ಊರಿನವರೇ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳಿಗೆ 1997ರಲ್ಲಿ ಮಂಗಳೂರಿನಲ್ಲಿ ಸಂದ ಗೌರವವೂ ಅದೇ.

ಜಾತ್ರೆಯ ಆ ದಿನಗಳಲ್ಲೇ ಬಾರಿಹಣ್ಣಿನ ಹಬ್ಬ. ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಬಳಿಕ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕುಳ್ಳಿರಿಸಿ, ಬಾರಿಹಣ್ಣು, ಕಬ್ಬಿನ ಚೂರುಗಳನ್ನು ತಲೆಯ ಮೇಲಿಂದ ಸುರಿಯುತ್ತಾರೆ. ಹಣ್ಣು ಆಯಲು ಓಣಿಯ ಮಕ್ಕಳೆಲ್ಲ ಮುತ್ತುತ್ತಾರೆ. ಮರಾಠಿ ಮನೆಗಳಲ್ಲಿ ಇದು ಬೋರ್‌ನಹಾಣ್. ಮೈಸೂರು ಸೀಮೆಯಲ್ಲಿ ಎಲಚಿ ಎರೆಯುವುದು. ಆಚರಣೆ ಒಂದೇ, ಮಾತು ಮಾತ್ರ ಬೇರೆ. ಅಜ್ಜಿ 'ಬಾರಿಹಣ್ಣು' ಎಂದು ಸುರಿದದ್ದನ್ನು ಮರಾಠಿ ಶಾಲೆಗೆ ಹೋಗುವ ಮೊಮ್ಮಗು 'ಬೋರ್' ಎಂದು ಆಯ್ದುಕೊಳ್ಳುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಮರಾಠಿಯೂ ಸವಿಯಾದ ಭಾಷೆಯೇ. ಆದರೆ ಮುಂದಿನ ತಲೆಮಾರಿಗೆ ಹಣ್ಣು ಉಳಿದು ಅಜ್ಜಿಯ ಮಾತು ಅಳಿದರೆ ಆ ನಷ್ಟವನ್ನು ಯಾವ ಆಯೋಗವೂ ಅಳೆಯಲಾರದು. ಅಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ ಎಂಬುದೊಂದು ಸಮಾಧಾನ. ಆದರೂ ಶಾಲೆಗಿಂತ ಮೊದಲು ಹೆಸರು ಕಲಿಸುವುದು ಮನೆಯ ಅಂಗಳ.

ಹಾಗಾದರೆ ನಾವೂ ಬಾರಿ ನೆಡೋಣವೇ ಎಂದು ಕೇಳುವವರಿದ್ದಾರೆ. ನಮ್ಮ ಸಲಹೆ: ಅವಸರ ಬೇಡ. ಗಿಡ ಬದುಕೀತು, ಆದರೆ ನಮ್ಮ ಮಳೆ, ನಮ್ಮ ತೇವದ ಗಾಳಿ ಅದಕ್ಕೆ ಒಗ್ಗುವಂಥದಲ್ಲ. ಬೂದಿರೋಗ, ಹಣ್ಣುನೊಣಗಳ ಕಾಟ ಒಣನಾಡಿನಲ್ಲೇ ಸಾಕಷ್ಟಿದೆ. ಅದಕ್ಕಿಂತ ಬೇಲಿಯ ಮೂಲೆಯಲ್ಲಿ ಒಂದು ಕರಂಡೆಯನ್ನು ಉಳಿಸಿಕೊಳ್ಳೋಣ. ಕಲ್ಲುಕೋರೆಗಳಿಗೂ ರಬ್ಬರಿಗೂ ಗುಡ್ಡಗಳು ಕರಗುತ್ತಿರುವಾಗ ಅದೂ ಅಪರೂಪವಾಗುತ್ತಿದೆ. ಮಾಗಿದ ಹಣ್ಣಿನ ಬೀಜವನ್ನು ಒಣಗಲು ಬಿಡದೆ ಬಿತ್ತಿದರೆ ಸಾಕು, ಬಿಸಿಲಿರುವೆಡೆ ಹೆಚ್ಚಿನ ಆರೈಕೆಯಿಲ್ಲದೆ ಬರುತ್ತದೆ. ವರ್ಷಕ್ಕೊಮ್ಮೆ ಸವರಿದರೆ ದನ ನುಗ್ಗದ ಜೀವಂತ ಬೇಲಿ.

ಬೇಸಗೆ ರಜೆಯಲ್ಲಿ ಮೊದಲ ಹಣ್ಣು ಕೊಯ್ದಾಗ ಮಗುವಿನ ಕೈಗಿಟ್ಟು, ಇದು ಕರಂಡೆ ಎಂದು ಹೇಳಿದರಾಯಿತು. ಅಕ್ಕಲಕೋಟೆಯ ಅಜ್ಜಿ ಸಂಕ್ರಾಂತಿಯಂದು ಮಾಡುವುದೂ ಇದನ್ನೇ.