ಬಣ್ಣ ನೋಡಿ ಬುಲೆಟ್ ಕೊಂಡೀರಿ, ಜೋಕೆ!

ಉಗರಗೋಳ: ದೂರದ ಪ್ರವಾಸಕ್ಕೆಂದು ಹಳೇ ಬುಲೆಟ್ ಕೊಳ್ಳುವವರು ಮೊದಲು ಇಂಜಿನ್ನಿಗೆ ಕೈ ಹಚ್ಚಿ ನೋಡಬೇಕು. ತಣ್ಣಗಿದ್ದಾಗಲೇ ಚಾಲೂ ಆದರೆ ಸೈ. ಮಾರುವವ ಮೊದಲೇ ಕಾಯಿಸಿಟ್ಟಿದ್ದರೆ ಯಾಕಂತ ಕೇಳ್ರಿ.

ಆಮೇಲೆ ಹಿಂದೊಬ್ಬರನ್ನು ಕೂಡಿಸಿಕೊಂಡು ಎಲ್ಲಮ್ಮನ ಗುಡ್ಡ ಏರಿಸಬೇಕು. ಕ್ಲಚ್ ಜಾರುವುದು ಏರಿನಲ್ಲೇ ಗೊತ್ತಾಗ್ತದ. ನೀಲಿ ಹೊಗೆ ಬಂದರೆ ಇಂಜಿನ್ ಎಣ್ಣೆ ಸುಡಲಿಕ್ಕೆ ಹತ್ತೇತಿ ಎಂದೇ ಅರ್ಥ. ಇಳಿಯುವಾಗ ಬ್ರೇಕಿನ ಪರೀಕ್ಷೆ.

ಗಾಡಿ ಪಾಸಾದರೆ ಸಾಲದು, ಕಾಗದವೂ ಪಾಸಾಗಬೇಕು. ಚಾಸಿ ನಂಬರು, ಇಂಜಿನ್ ನಂಬರು ಆರ್.ಸಿ.ಗೆ ತಾಳೆಯಾಗಬೇಕು. ಸಾಲ ತೀರಿದ್ದಕ್ಕೆ ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30.

ಮಾರಿದವರೂ ರೊಕ್ಕ ಎಣಿಸಿ ಮಲಗುವಂತಿಲ್ಲ. ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಗಾಡಿ ಅವನದು, ದಂಡ ನಿಮ್ಮದು ಆದೀತು!